ಕಪಿಲನ ವಹಿ ಇದ್ದ ಜಾಗ

ಮೊರದ ಒಂದು ಬದಿಗೆ ಮೌಶಿ, ಇನ್ನೊಂದು ಬದಿಗೆ ನಾನು ಕುಳಿತು ತೊಗರಿಬೇಳೆ ಆರಿಸುತ್ತಿದ್ದೆವು. ಹರಳು ಸಿಕ್ಕರೆ ಎಡಕ್ಕೆ, ಹುಳ ತಿಂದ ಬೇಳೆ ಬಲಕ್ಕೆ. ವಾಡಿ ಜಂಕ್ಷನ್ನಿಗೆ ಗೂಡ್ಸ್ ಗಾಡಿ ಬಂದಾಗಲೆಲ್ಲ ನೆಲ ನಡುಗಿ, ಬೇರೆ ಮಾಡಿಟ್ಟ ಹರಳು ಮತ್ತೆ ಬೇಳೆಯ ಕಡೆಗೆ ಸರಿಯುತ್ತಿದ್ದವು.

ಬಾಗಿಲಲ್ಲಿ ನೆರಳು ಬಿತ್ತು. ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ನಿಂತಿದ್ದಳು. "ರಮಾಬಾಯಿ ಮೌಶಿ ಮನಿ ಇದೇ ಏನ್ರಿ?"

"ಇದೇ. ಒಳಗ ಬಾ," ಎಂದರು ಮೌಶಿ. "ರೊಕ್ಕಾ ಕೊಡದ ಬಸ್ ಟಿಕೇಟ್ ಅದು, ಅದನ್ಯಾಕ ಹಂಗ ಹಿಂಡ್ಲಿಕತ್ತಿ? ಕುಂದ್ರು."

ಹುಡುಗಿ ಮುಷ್ಟಿ ಬಿಡಿಸಿ ನೋಡಿಕೊಂಡಳು. ಟಿಕೆಟ್ಟು ಬೆವರಿಗೆ ಹಿಟ್ಟಾಗಿತ್ತು.

ಮೌಶಿ ರೈಲ್ವೆ ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಆಮೇಲೂ ಕಳವಾದದ್ದು ಹುಡುಕಿಕೊಡಿ ಎಂದು ಜನ ಬರುತ್ತಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಗೆ ಅಡುಗೆಗೆ ಬಂದೆ, ಉಳಿದುಬಿಟ್ಟೆ. ಅವರ ಮಂಡಿ ಕೆಟ್ಟಿದ್ದರಿಂದ ಹೋದಲ್ಲೆಲ್ಲ ನಾನು ಜೊತೆಗೆ. "ಲುಂಬಿನಿ ಮಾತಾಡಂಗಿಲ್ಲ, ಅದಕ್ಕ ಆಕೀಗಿ ಎಲ್ಲಾ ಕಾಣ್ತದ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆಗೆಲ್ಲ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಹುಡುಗಿಯ ಹೆಸರು ಭಾಗ್ಯ. ದಂಡೋತಿಯವಳು, ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರ್. ಅವಳ ಅಣ್ಣ ಕಪಿಲ ವಾಯುಸೇನೆಯಲ್ಲಿ ಹೆಲಿಕಾಪ್ಟರ್ ರಿಪೇರಿಯ ಕೆಲಸದಲ್ಲಿದ್ದ. ಹದಿನೈದು ವರ್ಷದ ಹಿಂದೆ ಆಫ್ರಿಕಾದ ಯುದ್ಧದ ನಾಡೊಂದಕ್ಕೆ ಶಾಂತಿಪಡೆಯ ಜೊತೆ ಹೋಗಿ, ಅಲ್ಲಿನ ಸೇನಾ ಬೇಸಿನ ಆಸ್ಪತ್ರೆಯಲ್ಲೇ ಜ್ವರದಿಂದ ತೀರಿಕೊಂಡ. ಅವನ ಪೆಟ್ಟಿಗೆ ಮಾತ್ರ ಊರಿಗೆ ಬಂತು. ಅದರಲ್ಲಿ ಅವನು ದಿನಾ ಬರೆಯುತ್ತಿದ್ದ ವಹಿ ಇತ್ತು.

"ಅವ್ವಗ ಓದು ಬರಂಗಿಲ್ಲ. ಮಾಣಿಕಪ್ಪ ಕಾಕಾಗೂ ಬರಂಗಿಲ್ಲ. ಆಗ ನಾ ಸಣ್ಣಾಕಿ. ಅದಕ್ಕ ಪ್ರತಿ ವರ್ಷ ಅಣ್ಣ ತೀರಿದ ದಿನ ಅಜಯಣ್ಣ ಬಂದು ಓದ್ತಾನ. ಅಲ್ಲಿ ಬೇಸಿನ್ಯಾಗ ಅಣ್ಣನ ಬಾಜೂ ಖಾಟಿನಾಂವ. ಈಗ ರಿಟೈರಾಗಿ ಶಹಾಬಾದಿನ್ಯಾಗ ಪಂಪು ರಿಪೇರಿ ಮಾಡ್ತಾನ. ಬ್ಯಾರೆ ಯಾರಿಗೂ ಅವ್ವ ವಹಿ ತಗೀಗೊಡಂಗಿಲ್ಲ. ಈ ಸಲ ನಾ ಓದ್ತೀನಿ ಅಂತ ಅವ್ವಗ ಗಂಟಬಿದ್ದಿದ್ದೆ. ಅವ್ವ ಹೂಂ ಅಂದಿದ್ಲು. ಆದ್ರ ಮೊನ್ನಿ ರವಿವಾರ ಆ ದಿನದ ಊಟ ಆದ ಮ್ಯಾಲ ನೋಡ್ತೀವಿ, ವಹಿನೇ ಇಲ್ಲ!"

"ಪೆಟ್ಟಿಗಿ ಇದ್ದ ಕೋಣಿಗಿ ಯಾರ‍್ಯಾರು ಹೋಗಿದ್ರು?"

"ಮೂರು ಮಂದಿ. ಪೆಟ್ಟಿಗಿ ಬೀಗ ಅವ್ವ ಅವತ್ತು ಮುಂಜಾನೇನೇ ತಗದಿಟ್ಟಿದ್ಲು. ಮೊದಲ ಮುಕ್ರಮ, ಫೋಟೊ ಹೊಡ್ಯಾಂವ. ಸೇಡಂ ಕಾಲೇಜಿನ ಪ್ರದರ್ಶನಕ್ಕ ಪೆಟ್ಟಿಗಿ ಫೋಟೊ ಬೇಕಂತ ನಾನೇ ಕರಸಿದ್ದೆ. ವಹಿ ಒಂದಿನದ ಮಟ್ಟಿಗೆ ಕೊಡ್ರಿ ಅಂತಿದ್ದ, ಅವ್ವ ಕೊಡ್ಲಿಲ್ಲ. ಆಮ್ಯಾಲ ಕಾಕಾ ಅಂಗಿ ಬದಲಿ ಮಾಡ್ಲಿಕ್ಕಿ ಹೋದ. ಕಡೀಕ ಅಜಯಣ್ಣ ವಹಿ ತರ್ತೀನಂತ ಹೋಗಿ, ಖಾಲಿ ಕೈಲೆ ಬಂದು 'ವಹಿ ಇಲ್ಲಲ್ಲ' ಅಂದ." ಅವಳು ಟಿಕೆಟ್ಟನ್ನು ಮತ್ತೆ ಹಿಂಡಿದಳು. "ಅವ್ವ ಎರಡು ದಿನದಿಂದ ಊಟ ಮುಟ್ಟಿಲ್ಲ ಮೌಶಿ. ಗುರುವಾರ ಕಾಕಾ ಮುಕ್ರಮನ ಮ್ಯಾಲ ಠಾಣೇಕ ಕಂಪ್ಲೇಂಟ್ ಕೊಡ್ತಾನಂತ."

ಮೌಶಿ ಮೊರ ಬದಿಗೆ ಸರಿಸಿದರು.

ಅಂದೇ ಮಧ್ಯಾಹ್ನ ನಾವು ಹೋದಾಗ ದಂಡೋತಿಯ ಮನೆಯಲ್ಲಿ ಭಾಗ್ಯಳ ಅವ್ವ ಪೀರಮ್ಮ ಬಾಗಿಲಿನಿಂದ ಒಳಕೋಣೆಗೆ, ಒಳಕೋಣೆಯಿಂದ ಬಾಗಿಲಿಗೆ ನಡೆಯುತ್ತಲೇ ಇದ್ದರು. ಮಾತಾಡಿಸಿದರೂ ನಿಲ್ಲಲಿಲ್ಲ. ಪೆಟ್ಟಿಗೆಯ ಬೀಗದ ಕೈ ಸೊಂಟದಲ್ಲಿ ಕುಣಿಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಮಾಣಿಕಪ್ಪ ತಂಬಾಕು ತಿಕ್ಕುತ್ತ, "ಈ ಪೆಟ್ಟಿಗಿ ಎಂದೋ ಕಾಗಿಣಾ ಹೊಳ್ಯಾಗ ಬಿಡಬೇಕಿತ್ತು. ವರ್ಷಾ ತಗದು ವರ್ಷಾ ಅಳೂದು," ಎಂದ.

"ನೀ ಬಾಯಿ ಮುಚ್ಚು. ನಿನ್ನ ತಂಬಾಕಿನ ಚೀಲ ಕಳದ್ರ ಊರೇ ಒಂದು ಮಾಡ್ತಿ," ಎಂದರು ಪೀರಮ್ಮ, ನಡೆಯುತ್ತಲೇ.

ಪೆಟ್ಟಿಗೆ ತೆರೆದಾಗ ನನಗೆ ಅಚ್ಚರಿಯಾಯಿತು. ಒಳಗೆ ದಪ್ಪ ಸ್ಪಂಜು ಹಾಸಿ, ಒಂದೊಂದು ಸಾಮಾನಿನ ಆಕಾರಕ್ಕೆ ಒಂದೊಂದು ಗುಂಡಿ ಕೊರೆದಿದ್ದರು. ರೇಜರಿಗೆ ಒಂದು, ಚಮಚಕ್ಕೆ ಒಂದು, ಬ್ಯಾಟರಿಗೆ ಒಂದು. ವಹಿಯ ಚೌಕಾಕಾರದ ಗುಂಡಿ ಖಾಲಿಯಿತ್ತು. ಪೂರ್ತಿ ಖಾಲಿಯಲ್ಲ, ಸರಿಯಾಗಿ ನಡುವೆ ಒಂದು ಉಕ್ಕಿನ ವಾಷರ್ ಇತ್ತು.

"ಅದು ಅಣ್ಣಂದೇ ಇರಬೇಕು. ಹೆಲಿಕಾಪ್ಟರಿಂದು," ಎಂದಳು ಭಾಗ್ಯ. "ವಹಿ ಕೆಳಗ ಇತ್ತು ಕಾಣ್ತದ."

ಪೀರಮ್ಮ ಬಂದು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಇದು ನಮ್ಮದಲ್ಲ. ವಾರಕ್ಕೊಮ್ಮೆ ಎಲ್ಲಾ ತಗದು ಒರಸ್ತೀನಿ. ಇದು ನನ್ನ ಕೈಗಿ ಗೊತ್ತಿಲ್ಲ."

ಮೌಶಿ ಕೇಳಿದರು, "ವಹಿಯಾಗ ಏನಿತ್ತು, ಯಕ್ಕಾ?"

ಅದನ್ನು ಕೇಳಿದ್ದೇ ತಡ, ಆಕೆ ನಡೆಯುತ್ತಲೇ ಬಾಯಿಪಾಠ ಒಪ್ಪಿಸತೊಡಗಿದರು. "ಮುಂಜಾನಿ ನಾಕಕ್ಕ ಏಳೂದು. ಬಾಜೂಕ ಬೆಂಕಿ ಗುಡ್ಡ ಅದ, ಅದರ ಬೂದಿ ಹೆಲಿಕಾಪ್ಟರಿನ ಮ್ಯಾಲ ಬಿದ್ದಿರ್ತದ, ಒರಸೂದು. ಮೈಗಿ ಒಂದೇ ಬಕೆಟ್ ನೀರು. ಜ್ವಾಳದ ಹಿಟ್ಟು ಸಿಗಂಗಿಲ್ಲಂತ ಮೆಕ್ಕಿಜೋಳದ ರೊಟ್ಟಿ ಬಡದ. ಹರದು ಚಿಂದಿ ಆತು. ಪಂಜಾಬಿ ಹುಡುಗ್ರು ನಕ್ಕರು, ಹಂಗೇ ತಿಂದರು. ನಟ್ಟು ತಿರುವೂ ಪಾನಾ ತಗೊಂಡ್ರ ಅದರ ಜಾಗಾದಾಗ ತನ್ನ ನಂಬರಿನ ತಗಡಿನ ಬಿಲ್ಲಿ ಇಡಬೇಕು. ಒಂದು ಜಾಗಾ ಖಾಲಿ ಇದ್ರೂ ಹೆಲಿಕಾಪ್ಟರ್ ಮ್ಯಾಲೇಳಂಗಿಲ್ಲ. ಒಮ್ಮೆ ಸ್ಕ್ರೂಡ್ರೈವರ್ ಸಿಗಲಾರದ ಇಪ್ಪತ್ತು ಮಂದಿ ಹುಲ್ಲಾಗ ಮಣಕಾಲೂರಿ ಹುಡುಕಿದ್ರು. ಫೋನಿಗಿ ಪಾಳಿ, ವಾರಕ್ಕ ಹತ್ತು ನಿಮಿಷ. ಸಂಜಿಗಿ ವಾಲಿಬಾಲ್. ಸೈರನ್ ಆದ್ರ ಉಸುಕಿನ ಚೀಲದ ಹಿಂದ ಮಲಗೂದು."

"ಎಲ್ಲಿಗಿ ಮುಗೀತದ?"

"ಬಾವಲಿ ಬಂದು ಸೊಳ್ಳಿ ಪರದಾದಾಗ ಸಿಕ್ಕಬಿದ್ದದ್ದಕ್ಕ. ಅಲ್ಲಿಗಿ ಅಜಯ ನಿಲ್ಲಸ್ತಾನ. ಅಲ್ಲಿ ನಾ ಕೆಂಪು ದಾರ ಇಟ್ಟೀನಿ. ಆಚಿಗಿ ಏನೂ ಬರೀಲಾರದ ಬರೇ ಹಾಳಿ ಅವಂತ. ಬರೇ ಹಾಳಿ ನೋಡ್ಲಿಕ್ಕಿ ನನ್ನ ಕೈಲೆ ಆಗಲ್ಲ, ತಗದೇ ಇಲ್ಲ."

ಮರುದಿನ ಶಹಾಬಾದಿಗೆ ಹೋದೆವು. ಮುಕ್ರಮನ ಸ್ಟುಡಿಯೋ ಒಂದು ಚಹಾದಂಗಡಿಯ ಮೇಲಿತ್ತು. ತೆಳ್ಳಗಿನ ಹುಡುಗ, ನಮ್ಮನ್ನು ಕಂಡು ಬಿಳಿಚಿಕೊಂಡ.

"ಅಕ್ಕೋರೆ, ಖುದಾ ಕಸಂ, ನಾ ತಗೊಂಡಿಲ್ಲ. ಅವತ್ತೇ ಆ ಕಾಕಾ ನನ್ನ ಬ್ಯಾಗ್ ಉಲ್ಟಾ ಹಿಡದು ಝಾಡಿಸ್ಯಾನ. ಲೆನ್ಸಿಗಿ ಗೀಟ ಬಿದ್ದದ ನೋಡ್ರಿ!"

"ಬ್ಯಾರೆಯವರ ಬ್ಯಾಗ್ ನೋಡಿದ್ರು?"

"ಯಾರ್ದೂ ಇಲ್ಲ. ಅಜಯಣ್ಣ ಒಬ್ನೇ, ಪಾಪ, ಹುಡುಗಗ ಬಿಡ್ರಿ ಅಂದ."

"ನಿನ್ನ ಫೋಟೊ ತೋರ್ಸು."

ಅವನು ಕಂಪ್ಯೂಟರಿನಲ್ಲಿ ಒಂದೊಂದೇ ತೋರಿಸಿದ. ಮುಚ್ಚಿದ ವಹಿಯನ್ನು ಬದಿಯಿಂದ ತೆಗೆದದ್ದು ಬಂದಾಗ ನಾನು ಮೌಶಿಯ ಸೆರಗು ಜಗ್ಗಿದೆ. ಬೆರಳಿಂದ ತೋರಿಸಿದೆ. ಗ್ರೀಸಿನ ಕೈಯಿಂದ ತಿರುವಿದ ಹಾಳೆಗಳ ಅಂಚು ಕಪ್ಪಗಾಗಿತ್ತು. ಬರೆಯದೆ ಉಳಿದವು ಬೆಳ್ಳಗಿದ್ದವು. ಕೆಂಪು ದಾರ ಕಪ್ಪು ಮುಗಿಯುವಲ್ಲಿ ಇರಲಿಲ್ಲ. ದಾರದ ಆಚೆಗೂ ಐದಾರು ಹಾಳೆಯಷ್ಟು ಕಪ್ಪಿತ್ತು.

"ಶಾಣ್ಯಾಕಿ," ಎಂದು ಮೌಶಿ ಮೆಲ್ಲಗೆ ಹೇಳಿದರು.

ಅಜಯಕುಮಾರನ ವರ್ಕ್‌ಶಾಪು ಅಲ್ಲಿಂದ ಹತ್ತಿರವೇ ಇತ್ತು. ಎತ್ತರದ ಆಳು, ಕನ್ನಡಕ, ಮಾತು ಕಡಿಮೆ. ಗೋಡೆಯ ಹಲಗೆಯ ಮೇಲೆ ಪ್ರತಿ ಪಾನಾದ ಹಿಂದೆಯೂ ಅದರದೇ ಆಕಾರದ ಕಪ್ಪು ಬಣ್ಣ ಬಳಿದಿದ್ದ. ಸ್ಟೂಲಿನ ಮೇಲೆ ಮುಟ್ಟದ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು.

"ಯವ್ವ ಉಂಡಾಳ ಏನ್ರಿ?" ಎಂದು ಅವನೇ ಮೊದಲು ಕೇಳಿದ.

"ಇಲ್ಲ," ಎಂದರು ಮೌಶಿ. "ತಮ್ಮಾ, ನಮ್ಮ ಮನ್ಯಾಗ ನಳ ಸೋರ್ಲಿಕತ್ತದ. ಒಂದು ಪಾನಾ ಕೊಡ್ತಿ ಏನು? ನಾಳಿಗಿ ತಿರುಗಿ ಕೊಡ್ತೀನಿ."

ನಮ್ಮ ಮನೆಯ ನಳ ಸೋರುತ್ತಿರಲಿಲ್ಲ. ಅವನು ಹಲಗೆಯಿಂದ ಒಂದು ಪಾನಾ ತೆಗೆದು ಮೌಶಿಗೆ ಕೊಟ್ಟ. ಕೊಡುತ್ತಲೇ ಇನ್ನೊಂದು ಕೈ ಜೇಬಿಗೆ ಹೋಗಿ, ಸಿಕ್ಕದ್ದನ್ನು ತೆಗೆದು ಪಾನಾ ಇದ್ದ ಮೊಳೆಗೆ ಸಿಕ್ಕಿಸಿತು. ಅವನು ಆ ಕಡೆ ನೋಡಲೂ ಇಲ್ಲ. ನಾನು ನೋಡಿದೆ. ಬೈಕಿನ ಬೀಗದ ಕೈ.

ಗುರುವಾರ ಬೆಳಿಗ್ಗೆ ಮೌಶಿ ಎಲ್ಲರನ್ನೂ ಪೀರಮ್ಮನ ಪಡಸಾಲೆಯಲ್ಲಿ ಸೇರಿಸಿದರು. ಮಾಣಿಕಪ್ಪ ಠಾಣೆಗೆ ಹೋಗಲು ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದಿದ್ದ. ಮುಕ್ರಮ ಬಾಗಿಲ ಬಳಿ, ಓಡಲು ಸಿದ್ಧನಾದವನ ಹಾಗೆ. ಅಜಯಕುಮಾರ ಕಂಬಕ್ಕೆ ಒರಗಿ, ತನ್ನ ಕೈಚೀಲ ತೊಡೆಯ ಮೇಲಿಟ್ಟುಕೊಂಡಿದ್ದ. ಪೀರಮ್ಮ ನಡೆಯುತ್ತಲೇ ಇದ್ದರು.

"ಮೊದಲ ಮಾಣಿಕಪ್ಪನ ಮಾತು," ಎಂದರು ಮೌಶಿ. "ಇವಗ ಸಿಟ್ಟಿರೂದು ಪೆಟ್ಟಿಗಿ ಮ್ಯಾಲ. ಒಯ್ದಿದ್ರ ಇಡೀ ಪೆಟ್ಟಿಗಿ ಒಯ್ತಿದ್ದ. ಓದಲಿಕ್ಕಿ ಬರಲಾರದಾಂವ ವಹಿ ಒಂದೇ ಎದಕ ಆರಸ್ತಾನ?"

"ಮತ್ತ! ನಾ ಹೇಳ್ಲಿಲ್ಲ?" ಎಂದ ಮಾಣಿಕಪ್ಪ, ಯಾರೂ ಅವನನ್ನು ದೂರದಿದ್ದರೂ.

"ಮುಕ್ರಮಗ ವಹಿ ಬೇಕಿತ್ತು, ಖರೆ. ಆದ್ರ ಕದಿಯಾಂವ ಕದ್ದು ಹೋಗ್ತಾನ. ಆ ಜಾಗಾದಾಗ ಏನೂ ಇಡಂಗಿಲ್ಲ. ಇಲ್ಲಿ ಒಂದು ವಾಷರ್ ಇಟ್ಟಾರ. ಬಿದ್ದದ್ದಲ್ಲ ಅದು, ನಟ್ಟ ನಡುವ ಇಟ್ಟದ್ದು. ಹಿಂದಿಂದೂ ಅಲ್ಲ, ಪೀರಮ್ಮನ ಕೈಗಿ ಅದರ ಗುರ್ತ ಇಲ್ಲ. ಹಂಗಾರ ಒಯ್ದ ಸಾಮಾನಿನ ಜಾಗಾದಾಗ ತನ್ನದೊಂದು ಇಟ್ಟು ಹೋಗೂ ರೂಢಿ ಯಾರದು? ಪೀರಮ್ಮ, ನಿಮ್ಮ ಮಗನೇ ಬರದಾನ. ಪಾನಾ ತಗೊಂಡ್ರ ಬಿಲ್ಲಿ ಇಡಬೇಕು."

ಪೀರಮ್ಮನ ಹೆಜ್ಜೆ ನಿಂತಿತು.

"ಕಪಿಲನ ಬೇಸಿನ್ಯಾಗ ಇದ್ದಾಂವ ಇಲ್ಲಿ ಒಬ್ಬನೇ. ಆದ್ರ ಇಷ್ಟಕ್ಕ ಒಬ್ಬರ ಹೆಸರು ಹೇಳಬಾರದು. ಅದಕ್ಕ ನಿನ್ನಿ ಅವನ ಅಂಗಡಿಗಿ ಹೋಗಿ ಪಾನಾ ಬೇಡಿದೆ. ಕೊಟ್ಟ. ಪಾನಾದ ಮೊಳಿಗಿ ಬೈಕಿನ ಕೀಲಿಕೈ ತೂಗಹಾಕಿದ. ಆಮ್ಯಾಲ ಮನಿಗಿ ಹೆಂಗ ಹೋದ್ಯೋ ತಮ್ಮಾ?"

ಅಜಯಕುಮಾರ ತಲೆ ಬಗ್ಗಿಸಿದ. "ಅರ್ಧಾ ತಾಸು ಕೀಲಿಕೈ ಹುಡುಕಿದೆ," ಎಂದ ಮೆಲ್ಲಗೆ.

"ರವಿವಾರ ಎಲ್ಲಾರಿಗಿಂತ ಕಡೀಕ ಕೋಣಿಗಿ ಹೋದಾಂವ ಇವ. ವಹಿ ಇಲ್ಲ ಅಂದಾಂವನೂ ಇವನೇ. ಅದಕ್ಕ ಯಾರೂ ಇವನ ಚೀಲ ಮುಟ್ಟಲಿಲ್ಲ. ಇನ್ನ ಎದಕ ಒಯ್ದ ಅನ್ನೂದು. ಮುಕ್ರಮನ ಫೋಟೊದಾಗ ವಹಿ ಅಂಚು ಕಾಣ್ತದ. ದಾರದ ಆಚಿಗೂ ಗ್ರೀಸಿನ ಕಪ್ಪು ಅದ. ಬಾವಲಿ ಮಾತಿಗಿ ವಹಿ ಮುಗ್ಯಂಗಿಲ್ಲ, ಮುಂದೂ ಬರದಾನ. ಹದಿನೈದು ವರ್ಷ ಇವ ಅಲ್ಲಿಗೇ ನಿಲ್ಲಿಸ್ಯಾನ. ಈ ಸಲ ಭಾಗ್ಯ ಓದಿದ್ರ ಆಕಿ ನಿಲ್ಲಸ್ತಿದ್ದಿಲ್ಲ. ಮುಂದ ಏನ್ ಬರದಾನ ಅನ್ನೂದು ನನಗ ಗೊತ್ತಿಲ್ಲ. ಬಿಲ್ಲಿ ಇಟ್ಟು ಒಯ್ದಾಂವ ತಿರುಗಿ ತಂದಿಡ್ತಾನ ಅನ್ನೂದಷ್ಟೇ ಗೊತ್ತು."

ಅಜಯಕುಮಾರ ಚೀಲದಿಂದ ವಹಿ ತೆಗೆದು ನೆಲದ ಮೇಲಿಟ್ಟ.

"ಯವ್ವಾ, ವಾಷರ್ ಇಟ್ಟದ್ದು ನನಗ ನೆನಪೇ ಇಲ್ಲ. ಆ ಹಾಳಿ ಹರದು, ವಹಿ ತಿರುಗಿ ಇಡಬೇಕಂತಿದ್ದೆ. ನಾಕು ದಿನ ಕೈಯಾಗ ಹಿಡಕೊಂಡು ಕುಂತೆ. ಹರೀಲಿಕ್ಕಿ ಆಗ್ಲಿಲ್ಲ." ಅವನು ಕನ್ನಡಕ ತೆಗೆದ. "ಆ ಶಿಫ್ಟಿಗಿ ನಾನೇ ಹಿರಿಯಾ. ಮೈ ಸುಡ್ಲಿಕತ್ತದ ಅಂತ ಅವ ನನಗ ಮೂರು ದಿನ ಹೇಳಿದ. ಗುಡ್ಡದ ಮ್ಯಾಲಿನ ಹಳ್ಳಿಯಾಗ ಗುಂಡು ಬಿದ್ದ ಮಕ್ಕಳಿದ್ರು, ಅವ್ರಿಗಿ ತರ್ಲಿಕ್ಕಿ ಹೆಲಿಕಾಪ್ಟರ್ ಏಳಬೇಕಿತ್ತು, ಮಂದಿ ಕಮ್ಮಿ ಇದ್ರು. ಇವತ್ತೊಂದಿನ ತಡಿ ಅಂದೆ. ಮರುದಿನ ಮತ್ತ ಅದೇ ಅಂದೆ. ನಾಕನೇ ದಿನ ಆಸ್ಪತ್ರಿಗಿ ಹೊತ್ಕೊಂಡು ಹೋದಾಗ ಅವಗ ನನ್ನ ಗುರ್ತೇ ಇದ್ದಿಲ್ಲ. ಆ ಮೂರು ದಿನದ್ದು ಎಲ್ಲಾ ಅದರಾಗ ಬರದಾನ."

ಮಾಣಿಕಪ್ಪ ಏನೋ ಹೇಳಲು ಎದ್ದ, ಪೀರಮ್ಮ ಕೈಯೆತ್ತಿದರು. ಅವನು ಮುಕ್ರಮನ ಕಡೆ ನೋಡಿ, ನೋಡಲಾಗದೆ, ಹೊಸಿಲ ಮೇಲೆ ಕುಳಿತ.

ಆಗ ಪೀರಮ್ಮ ಕುಳಿತರು. ಆ ಮನೆಯಲ್ಲಿ ಆಕೆ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆರಳಿಂದ ದಾರ ಹುಡುಕಿ, ಒಂದು ಹಾಳೆ ತಿರುವಿದರು. ನೀಲಿ ಶಾಯಿಯ ಓರೆ ಸಾಲುಗಳು ತುಂಬಿಕೊಂಡಿದ್ದವು. ಅಕ್ಷರ ಬಾರದ ಆಕೆ ಅದರ ಮೇಲೆ ಅಂಗೈ ಇಟ್ಟು ಸವರಿದರು.

"ಇಷ್ಟು ಬರದಾನ," ಎಂದರು. ಆಮೇಲೆ ವಹಿಯನ್ನು ಅಜಯಕುಮಾರನ ಕಡೆ ಸರಿಸಿದರು. "ಓದು."

ಅವನು ತಲೆಯಾಡಿಸಿದ. ವಹಿಯನ್ನು ಮುಟ್ಟಲಿಲ್ಲ. ಭಾಗ್ಯ ಎತ್ತಿಕೊಂಡಳು. ಮೊದಲ ಸಾಲಿನ ಮೇಲೆ ಅವಳ ಕಣ್ಣು ಓಡಿತು. ವಹಿಯನ್ನು ಮೌಶಿಯ ಮುಂದೆ ಇಟ್ಟು ಮುಖ ಆಚೆ ತಿರುಗಿಸಿದಳು. ಮೌಶಿ ನನ್ನನ್ನು ನೋಡಿದರು. ನನಗೆ ಓದಲು ಬರುತ್ತದೆ. ನಾನು ನೆಲ ನೋಡಿದೆ.

"ಯಾರರೆ ಓದ್ರಿ," ಎಂದರು ಪೀರಮ್ಮ.

ನಾನು ಕೈಚಾಚಿ ವಹಿಯನ್ನು ನನ್ನ ಕಡೆ ಎಳೆದುಕೊಂಡೆ.