ಅಣ್ಣನ ಗಾಳಿಕೋವಿ

ತೀರಿಕೊಂಡ ಅಣ್ಣನ ಗಾಳಿಕೋವಿ ಫೋಟೋ ಸ್ಟುಡಿಯೋದವನ ಪಾಲಾಯಿತೆಂದು ಅವನಿಗೆ ಗೊತ್ತಾದದ್ದು ಅತ್ತಿಗೆಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಹಿಂದೆ ಮಂಡಿಯೂರಿ ಕೂತು ಕಂಪ್ರೆಸರಿನ ಧೂಳು ಒರೆಸುತ್ತಿದ್ದಾಗ.

“ನಿಮ್ಮಣ್ಣನ ಫೋಟೋನ ಸ್ಟುಡಿಯೋದವರೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ತಂದುಕೊಟ್ರು. ಎಷ್ಟು ಹೇಳಿದ್ರೂ ಏನೂ ತಗೊಳ್ಲಿಲ್ಲ. ಬರಿಗೈಲಿ ಹೇಗೆ ಕಳಿಸೋದು? ಬೀರು ಹಿಂದೆ ಬಿದ್ದಿತ್ತಲ್ಲ, ಆ ಕೋವಿ ಕೊಟ್ಟುಬಿಟ್ಟೆ” ಎಂದರು ಅತ್ತಿಗೆ.

“ನನ್ನನ್ನ ಒಂದು ಮಾತು ಕೇಳಬಹುದಿತ್ತು.”

“ನಿಂಗ್ಯಾಕಪ್ಪ ಅದು? ಒಂಟಿ ಮನುಷ್ಯ. ಒಂಟಿ ಮನೇಲಿ ಕೋವಿ ಇರಬಾರದು.”

ಅವನು ಫ್ರಿಜ್ಜನ್ನು ಗೋಡೆಗೆ ತಳ್ಳಿ, ಕೈ ತೊಳೆದುಕೊಂಡು ಹೊರಟುಬಂದ. ದಾರಿಯುದ್ದಕ್ಕೂ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು.

ಅದು ಅಂತಿಂಥ ಕೋವಿಯಲ್ಲ. ಸಾಮಾನ್ಯ ಏರ್ ಗನ್ನಿನೊಳಗೆ ಸ್ಪ್ರಿಂಗ್ ಇರುತ್ತದೆ. ಇದರಲ್ಲಿ ಸ್ಪ್ರಿಂಗಿನ ಜಾಗದಲ್ಲಿ ಗ್ಯಾಸ್ ಒತ್ತಿ ತುಂಬಿದ ಉಕ್ಕಿನ ಸಿಲಿಂಡರು. ನಳಿಗೆಯನ್ನು ಬಲ ಹಾಕಿ ಬಗ್ಗಿಸಿದರೆ ಆ ಗ್ಯಾಸು ಇನ್ನಷ್ಟು ಅಡಕವಾಗುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗಿನ ಕಿಣಕಿಣ ಇಲ್ಲ, ಒಂದೇ ಒಂದು ‘ಧಪ್’. ಗುಂಡು ಮರದ ಹಲಗೆಯನ್ನು ತೂರಿಕೊಂಡು ಆಚೆ ಹೋಗುತ್ತಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಣ್ಣ ಮಾತು ಕಮ್ಮಿಯವನು. ತಮ್ಮನ ಹೆಗಲ ಮೇಲೆ ಅವನು ಕೈಯಿಟ್ಟದ್ದೆಲ್ಲ ಆ ಕೋವಿ ಹಿಡಿಸಿದಾಗಲೇ. “ಉಸಿರು ಅರ್ಧ ಬಿಡು. ಹಾಂ, ಈಗ.” ಇಬ್ಬರ ನಡುವಿನ ಪ್ರೀತಿ ಅಷ್ಟೇ ಇದ್ದದ್ದು, ಆದರೆ ಇದ್ದದ್ದು ನಿಜ. ಅದನ್ನು ಯಾರೋ ಬಣ್ಣದ ಪರದೆ ಮುಂದೆ ಜನರನ್ನು ನಗಿಸಿ ಫೋಟೋ ತೆಗೆಯುವವನು ಹೊತ್ತುಕೊಂಡು ಹೋಗಿದ್ದ.

ಕದಿಯಬೇಕು ಎಂದು ಅವನು ಯಾವ ಗಳಿಗೆಯಲ್ಲಿ ತೀರ್ಮಾನಿಸಿದನೋ ಅವನಿಗೇ ತಿಳಿಯದು. ಒಂದು ದಿನ ಒಬ್ಬನೇ ಊಟ ಮಾಡುತ್ತಿದ್ದಾಗ, ಹೇಗೆ ಕದಿಯಬೇಕು ಎಂಬುದನ್ನು ಆಗಲೇ ಅರ್ಧ ಯೋಚಿಸಿ ಮುಗಿಸಿದ್ದೇನೆ ಎಂಬುದು ಅರಿವಿಗೆ ಬಂತು.

ಯೋಚನೆ ಸರಳವಾಗಿತ್ತು. ಅವನು ಎಸಿ, ಫ್ರಿಜ್ ರಿಪೇರಿಯವನು. ಹೆಗಲ ಮೇಲೆ ತಾಮ್ರದ ಪೈಪಿನ ಕಟ್ಟು ಹೊತ್ತವನ ಮುಖವನ್ನು ಊರಿನಲ್ಲಿ ಯಾರೂ ನೋಡುವುದಿಲ್ಲ. ಪೈಪು ತಲೆಗೆ ತಾಗದಿರಲೆಂದು ಬಗ್ಗಿ ದಾರಿ ಬಿಡುತ್ತಾರೆ ಅಷ್ಟೆ. ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನೊಳಗೆ ಕೋವಿ ಹೊರಗೆ ಗೊತ್ತಾಗದಂತೆ ಕೂರುತ್ತದೆ. ಸ್ಟುಡಿಯೋ ಪಕ್ಕದ ವಿಮಾ ಕಚೇರಿಯ ಎಸಿಗಳನ್ನು ನೋಡಿಕೊಳ್ಳುವವನು ಅವನೇ. ಎರಡೂ ಕಟ್ಟಡಕ್ಕೆ ತಾರಸಿ ಒಂದೇ, ನಡುವೆ ಮೊಣಕಾಲೆತ್ತರದ ಗೋಡೆ. ಪರೀಕ್ಷೆ ಅರ್ಜಿಯ ಕಾಲದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಸ್ಟುಡಿಯೋ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ಆಗ ಕೋವಿಯಿಟ್ಟಿರುವ ಮೇಲಿನ ಕೋಣೆಯಲ್ಲಿ ಸುತ್ತಿಟ್ಟ ಪರದೆಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅವನು ತಾಳ್ಮೆ ಕಲಿತ. ಕೋವಿಯ ಮಾತು ಬಂದಾಗ, “ಹೋಗಲಿ ಬಿಡಿ ಅತ್ತಿಗೆ, ನಂಗೆ ಇಟ್ಕೊಳ್ಳೋಕೂ ಜಾಗ ಇಲ್ಲ” ಅಂದ. ಅತ್ತಿಗೆ ನಂಬಿದರು. ಒಂಟಿ ಮನುಷ್ಯ ಹೇಳುವುದನ್ನು ಜನ ಬೇಗ ನಂಬುತ್ತಾರೆ, ಮುಂದೆ ಕೇಳುವ ಕೆಲಸ ತಪ್ಪುತ್ತದಲ್ಲ.

ಕೆಲಸ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಮುಗಿಯಿತು. ಮಟಮಟ ಮಧ್ಯಾಹ್ನ, ಕೋವಿ ಹೊತ್ತು ವಿಮಾ ಕಚೇರಿಯ ಮೆಟ್ಟಿಲಿಳಿದು, ಸ್ಟುಡಿಯೋ ಮುಂದಿನ ಸಾಲನ್ನು ಸೀಳಿಕೊಂಡೇ ನಡೆದ. “ಸ್ವಲ್ಪ ದಾರಿ ಬಿಡ್ರಪ್ಪಾ” ಎಂದ. ಬಿಟ್ಟರು.

ಮನೆಗೆ ತಂದು ತೊಡೆಯ ಮೇಲಿಟ್ಟುಕೊಂಡು ಕೂತ. ಮರದ ಹಿಡಿಯಲ್ಲಿ ಅಣ್ಣನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗವೊಂದಿತ್ತು. ಅಲ್ಲಿ ತನ್ನ ಕೆನ್ನೆಯಿಟ್ಟ. ಹೊಡೆಯಲಾಗಲಿಲ್ಲ. ಗೋಡೆಯಾಚೆ ಸಂಸಾರವಿತ್ತು, ಮಗು ಸೀನಿದರೂ ಕೇಳುವಷ್ಟು ತೆಳು ಗೋಡೆ. ಬಟ್ಟೆ ಸುತ್ತಿ, ಕಾದ ತಗಡಿನ ಛಾವಣಿಯ ಕೆಳಗಿನ ಅಟ್ಟಕ್ಕೆ ಸೇರಿಸಿದ. ತನ್ನದಾಯಿತು. ಆದರೆ ಆಯಿತೆಂದು ಯಾರಿಗೆ ಹೇಳುವುದು?

ಆ ವಾರದ ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ಫೋಟೋದವನು ನಿಂತಿದ್ದ.

“ನಿಮ್ಮಣ್ಣನ ಕೋವಿ ಕಳ್ಕೊಂಡುಬಿಟ್ಟೆ ಕಣ್ರೀ” ಎಂದು ಫೋಟೋದವನು ಹೊಸ್ತಿಲಲ್ಲೇ ಕಣ್ಣೊರೆಸಿಕೊಂಡ. “ಪೊಲೀಸರು ಬಂದು ಬರ್ಕೊಂಡು ಹೋದ್ರು. ಅವರಿಗೇನು, ಆಟದ ಸಾಮಾನು ಅಂದ್ಕೊಂಡಿದಾರೆ. ನಿಮಗೆ ಮುಖ ತೋರಿಸ್ದೆ ಇರೋಕೆ ಆಗ್ಲಿಲ್ಲ.”

ಒಳಗೆ ಕರೆಯದೆ ವಿಧಿಯಿರಲಿಲ್ಲ. ಚಹಾ ಮಾಡಿದ. ಮನೆಯಲ್ಲಿದ್ದ ಎರಡನೇ ಲೋಟವನ್ನು ಹುಡುಕಿ ತೊಳೆಯಬೇಕಾಯಿತು. ಫೋಟೋದವನು ಅಟ್ಟದ ನೇರ ಕೆಳಗಿನ ಕುರ್ಚಿಯಲ್ಲೇ ಕೂತು, ಕೋವಿಯ ಗುಣಗಾನ ಮಾಡಿದ. “ಕಳುವಾಗೋ ಹಿಂದಿನ ವಾರಾನೂ ಹೊಡೆದಿದ್ದೆ. ಹಲಗೆ ತೂರಿ ಆಚೆ ಹೋಯ್ತು ನೋಡಿ. ಏನು ಶಕ್ತಿ ಅಂತೀರಿ!”

ಕೇಳುತ್ತ ಕೂತಿದ್ದ ಅವನ ಎದೆ ಹೆಮ್ಮೆಯಿಂದ ಉಬ್ಬಿತು. ಅದನ್ನು ದುಃಖದ ನಿಟ್ಟುಸಿರಾಗಿ ಹೊರಬಿಟ್ಟ.

ಮುಂದಿನ ಭಾನುವಾರವೂ ಫೋಟೋದವನು ಬಂದ. ಅದರ ಮುಂದಿನದೂ. ಅವನದೂ ಒಂಟಿ ಜೀವ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇಸ್ಪೀಟು ತಂದ. ಆಟದಲ್ಲಿ ಮೋಸ ಮಾಡುತ್ತಿದ್ದ, ಸಿಕ್ಕಿಬಿದ್ದಾಗ ಗಹಗಹಿಸಿ ನಗುತ್ತಿದ್ದ. ಒಂದು ಸಂಜೆ, “ಲೋ, ಎಲೆ ಹಾಕೋ ಬೇಗ, ಕಾವು ಕೊಡ್ತಿದೀಯಾ ಏನು?” ಅಂದ. ಅಣ್ಣ ಹೋದ ಮೇಲೆ ಅವನನ್ನು ‘ಲೋ’ ಎನ್ನುವವರು ಯಾರೂ ಉಳಿದಿರಲಿಲ್ಲ. ಅವನಿಗೆ ಕೈಯಲ್ಲಿನ ಎಲೆಗಳು ಕೆಲಹೊತ್ತು ಕಾಣಿಸಲಿಲ್ಲ.

“ಆ ಕೋವಿ ಇದ್ದಿದ್ರೆ, ಇಬ್ರೂ ನಮ್ಮ ತಾರಸಿ ಮೇಲೆ ಹೊಡೀಬಹುದಿತ್ತು. ನೀನೊಂದು, ನಾನೊಂದು” ಎಂದ ಫೋಟೋದವನು, ಹೊರಡುವ ಮುಂಚೆ.

ಆ ಮಾತು ಒಳಗೆ ಇಳಿದು ಕೂತಿತು. ಅಟ್ಟದ ಮೇಲಿದ್ದ ಕೋವಿಯಿಂದ ಅವನಿಗೆ ಏನೂ ಸಿಕ್ಕಿರಲಿಲ್ಲ. ಸಿಕ್ಕಿದ್ದೆಲ್ಲ ಅದು ಕಳೆದುಹೋದದ್ದರಿಂದ. ಅದನ್ನು ವಾಪಸು ಇಡಬೇಕು. ಕದ್ದದ್ದಕ್ಕಿಂತ ಇನ್ನೂ ನಾಜೂಕಾಗಿ ಇಡಬೇಕು.

ಈ ಸಲ ಯೋಚನೆಗೆ ಮೊದಲಿಗಿಂತ ಹೆಚ್ಚು ಸುಖವಿತ್ತು. ಗೋಡೆಯಾಚೆಯ ಸಂಸಾರ ಊರಿಗೆ ಹೋದ ದಿನ ಕೋವಿಯನ್ನು ಇಳಿಸಿದ. ಒಂದು ಸಲ ಹೊಡೆದುನೋಡುವ ಆಸೆಯಾಗಿ ನಳಿಗೆ ಬಗ್ಗಿಸಿದರೆ, ಅದು ಸಡಿಲ ಬಾಗಿಲಂತೆ ಸುಮ್ಮನೆ ಕೆಳಗೆ ಬಂತು. ಟ್ರಿಗರ್ ಎಳೆದ. ಗುಂಡು ನಳಿಗೆಯ ಬಾಯಿಂದ ಉದುರಿ ಚಾಪೆಯ ಮೇಲೆ ಬಿತ್ತು.

ತಗಡಿನ ಕಾವಿಗೆ ಸಿಲಿಂಡರಿನ ರಬ್ಬರ್ ಸೀಲು ಒಣಗಿ, ಗ್ಯಾಸೆಲ್ಲ ಸೋರಿಹೋಗಿದೆ. ಹಲಗೆ ತೂರುತ್ತಿದ್ದದ್ದು ತನ್ನ ಅಟ್ಟದಲ್ಲಿ ಸತ್ತಿದೆ. ಹೀಗೇ ಕೊಟ್ಟರೆ ಫೋಟೋದವನು ಹುಡುಕುತ್ತಾನೆ, ಯಾರು ಹಾಳುಮಾಡಿದರು, ಎಲ್ಲಿಟ್ಟಿದ್ದರು ಎಂದು ಕೆದಕುತ್ತಾನೆ. ಹೋದದ್ದು ಹೋದ ಹಾಗೇ ಬಂದರೆ ಯಾರು ಏನು ಕೇಳುತ್ತಾರೆ?

ಸಿಲಿಂಡರು ಬಿಚ್ಚಿದ. ಆ ಅಳತೆಯ ಸೀಲು ಅಂಗಡಿಗಳಲ್ಲಿ ಇರಲಿಲ್ಲ. ದಪ್ಪ ರಬ್ಬರಿನಿಂದ ಕತ್ತರಿಸಿದ, ಉಜ್ಜಿದ, ಕೂರಲಿಲ್ಲ, ಮತ್ತೆ ಕತ್ತರಿಸಿದ. ಸಂಜೆಗಳು ಹಾಗೇ ಕಳೆದವು. ಕೊನೆಗೆ ಎಸಿ ಪೈಪುಗಳ ಸೋರಿಕೆ ನೋಡಲು ಬಳಸುವ ತನ್ನದೇ ನೈಟ್ರೋಜನ್ ಸಿಲಿಂಡರಿನಿಂದ ಗ್ಯಾಸು ತುಂಬಿ, ಸೋಪಿನ ನೀರು ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಗೋಡೆಯಾಚೆಯವರು ಊರಿಂದ ಇನ್ನೂ ಬಂದಿರಲಿಲ್ಲ. ಹಾಸಿಗೆ ಮಡಿಸಿ ಗೋಡೆಗೆ ಒರಗಿಸಿ, ಅದರ ಮುಂದೆ ಹಲಗೆಯಿಟ್ಟು ಹೊಡೆದ. ಧಪ್! ಅಣ್ಣನ ಕೈ ಹೆಗಲಿಗೆ ತಾಗಿದಂತಾಯಿತು. ಅವನು ಒಬ್ಬನೇ ನಕ್ಕ.

ಆಮೇಲೆ ಕೋವಿಯ ಇಂಚಿಂಚನ್ನೂ ಒರೆಸಿ, ಹಳೆ ಬಟ್ಟೆ ಮಾರುವ ಬೀದಿಯಲ್ಲಿ ಕೊಂಡ ಹಾಸಿನಲ್ಲಿ ಸುತ್ತಿ, ಸ್ಟುಡಿಯೋದ ಜನಜಂಗುಳಿಯ ಹೊತ್ತಿನಲ್ಲಿ ಬೆಂಚಿನ ಹಿಂದೆ ಜಾರಿಸಿ ಬಂದ. ಮನಸ್ಸು ಚುಚ್ಚಿದ ಕಳ್ಳನೊಬ್ಬ ತಂದಿಟ್ಟು ಹೋದ ಎಂದುಕೊಳ್ಳುತ್ತಾರೆ. ಅಷ್ಟೇ ಕತೆ.

ಸಂಜೆ ಫೋನು ಬಂತು. “ಸಿಕ್ತು ಕಣೋ! ಭಾನುವಾರ ಬಾ, ತಪ್ಪಿಸ್ಬೇಡ!”

ಭಾನುವಾರ ತಾರಸಿಯ ಮೇಲೆ, ಮರಳುಚೀಲಗಳ ಮುಂದೆ ಹಲಗೆ ನಿಲ್ಲಿಸಿತ್ತು. ಕುರ್ಚಿಗಳು ಎರಡು, ಲೋಟಗಳು ಎರಡು. ಅವನು ಕೋವಿಗೆ ಕೈ ಚಾಚಿದಾಗ ಫೋಟೋದವನು ಮುಜುಗರದಿಂದ ತಡೆದ. “ತಾಳೋ, ಮೊದಲು ನಾನು ನೋಡ್ತೀನಿ.” ಹಗುರವಾದದ್ದನ್ನು ಬಗ್ಗಿಸುವವನಂತೆ ಒಂದೇ ಕೈಯಲ್ಲಿ ನಳಿಗೆ ಎಳೆದ. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ, ತೊಡೆಗೆ ಒತ್ತಿ ಎಳೆದ. ‘ಕಟ್’ ಎಂದು ಕೂತಿತು. ಗುರಿಯಿಟ್ಟು ಹೊಡೆದ. ಗುಂಡು ಹಲಗೆಯನ್ನು ತೂರಿ ಮರಳಿಗೆ ಹೊಕ್ಕಿತು.

“ನೋಡಿದ್ಯಾ! ಒಂಚೂರೂ ಕಮ್ಮಿ ಆಗಿಲ್ಲ!” ಎಂದು ಪಕ್ಕದಲ್ಲಿ ನಿಂತಿದ್ದ ಅವನು ಚಪ್ಪಾಳೆ ತಟ್ಟಿದ.

ಫೋಟೋದವನು ಹಲಗೆಯ ತೂತನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕೋವಿಯನ್ನು ಗೋಡೆಗೆ ಒರಗಿಸಿ, ಅವನ ಕಡೆ ತಿರುಗದೆ ಹೇಳಿದ: “ನಿಮ್ಮ ಹತ್ರ ನಾನೊಂದು ಸುಳ್ಳು ಹೇಳಿದ್ದೆ.” ಆ ‘ನಿಮ್ಮ’ ಅವನ ಕಿವಿಗೆ ಮೊದಲು ತಾಗಿತು, ಉಳಿದದ್ದು ಆಮೇಲೆ. “ಇದು ನನ್ನ ಕೈಗೆ ಬಂದ ಸ್ವಲ್ಪ ದಿನಕ್ಕೇ ಗ್ಯಾಸೆಲ್ಲ ಸೋರಿ ಸತ್ತುಹೋಗಿತ್ತು. ನಿಮ್ಮಣ್ಣನ ವಸ್ತು ನನ್ನ ಕೈಲಿ ಕೆಟ್ಟುಹೋಯ್ತು ಅನ್ನೋಕೆ ನಾಚಿಕೆಯಾಗಿ, ಹಲಗೆ ತೂರ್ತು, ಹಾಗೆ ಹೀಗೆ ಅಂತ ಬಾಯಿಗೆ ಬಂದದ್ದು ಹೇಳಿದೆ. ಕಳ್ಳ ಎತ್ಕೊಂಡು ಹೋದಾಗ ಇದರೊಳಗೆ ಒಂದು ಉಸಿರೂ ಇರ್ಲಿಲ್ಲ. ಇದಕ್ಕೆ ಗ್ಯಾಸ್ ತುಂಬಿದ್ದು ಯಾರು, ನೀವೇ ಹೇಳಿ.”