ಬಳುವಳಿ ರಾಣಿಯ ಕೊನೆಯ ಚೆಂಡು

"ಯಾಕೆ ಬಂದೆ?"

ಬಾಗಿಲಲ್ಲಿ ನಿಂತವನನ್ನು ಕಂಡು ಯಹೋಸ್ಕಾಳ ಬಾಯಿಂದ ಹೊರಟಿದ್ದು ಇಷ್ಟೇ. ಪೂಲ್ ಆಡುವ ಕೋಲಿನ ತುದಿಗೆ ಉಜ್ಜುತ್ತಿದ್ದ ನೀಲಿ ಚಾಕ್ ಅವಳ ಬೆರಳುಗಳ ನಡುವೆ ಪುಡಿಯಾಯಿತು.

"ಆಡೋಕೆ," ಎಂದ ನೋರ್ವಿನ್. "ಊರ ಪಂದ್ಯಕ್ಕೆ ಹೆಸರು ಕೊಟ್ಟಿದ್ದೀನಿ."

"ಕೋಸ್ಟಾರಿಕಾದಲ್ಲಿ ಪೂಲ್ ಟೇಬಲ್ ಇರ್ಲಿಲ್ವಾ?"

"ಇದ್ವು. ನಿಮ್ಮಪ್ಪ ಇರ್ಲಿಲ್ಲ."

"ಈಗ ಇಲ್ಲೂ ಇಲ್ಲ!" ಅವಳು ಸಿಡಿದಳು. "ಮಣ್ಣಿಗೂ ಬರ್ಲಿಲ್ಲ ನೀನು."

"ಸುದ್ದಿ ಮುಟ್ಟಿದ್ದು ತಡವಾಗಿ. ಮುಟ್ಟಿಸಬೇಕಾದವಳು ಮುಟ್ಟಿಸಲಿಲ್ಲ."

ಯಹೋಸ್ಕಾ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ಬಂದರೆ ಇವನೆದುರು ಬರಬಾರದು... ಇವನೊಬ್ಬನೆದುರು ಬರಲೇಬಾರದು!

ಎಸ್ತೆಲಿ ಊರಲ್ಲಿ ಯಹೋಸ್ಕಾಳ ಅಪ್ಪ ದೋನ್ ತ್ರಿನೋನ ಪೂಲ್ ಹಾಲ್ ಗೊತ್ತಿಲ್ಲದವರಿಲ್ಲ. ಸಿಗಾರ್ ಸುತ್ತುವ ಕಾರ್ಖಾನೆಗಳಲ್ಲಿ ಕೆಲಸ ಮುಗಿಸಿದವರು ತಂಬಾಕಿನ ವಾಸನೆಯ ಸಮೇತ ಬರುವುದು ಇಲ್ಲಿಗೇ. ತಾಯಿಯಿಲ್ಲದ ಯಹೋಸ್ಕಾ ಈ ಟೇಬಲ್‌ಗಳ ಸುತ್ತಲೇ ಬೆಳೆದಳು. ಹೆಣ್ಣುಮಕ್ಕಳು ಕಾಲಿಡದ ಜಾಗದಲ್ಲಿ ಕೋಲು ಹಿಡಿದಳು. ಗಂಡಸರು ನಕ್ಕರು, ಆಮೇಲೆ ಸೋತರು, ಸೋತ ಮೇಲೆ ನಗುವುದನ್ನು ಬಿಟ್ಟರು.

ತ್ರಿನೋಗೆ ಮಾತ್ರ ಮಗಳ ಗೆಲುವಿನಿಂದ ಸಮಾಧಾನವಿರಲಿಲ್ಲ.

"ಚೆಂಡು ಪಾಕೆಟ್‌ಗೆ ಹಾಕೋದನ್ನ ಕೋತಿಗೂ ಕಲಿಸಬಹುದು ಮಗಳೇ," ಎನ್ನುತ್ತಿದ್ದ. "ಯಾರೂ ನೋಡದೇ ಇದ್ದಾಗ ಆದ ತಪ್ಪನ್ನ ಬಾಯಿಬಿಟ್ಟು ಹೇಳ್ತಾರಲ್ಲ, ಅವರು ಆಟಗಾರರು. ಉಳಿದವರು ಗಿರಾಕಿಗಳು."

ಈ ಹಾಲಿನ ಕಟ್ಟಳೆಯೂ ಅದೇ. ಕೈಯೋ ಬಟ್ಟೆಯೋ ಚೆಂಡಿಗೆ ತಾಗಿದರೆ ತಾಗಿಸಿದವರೇ ಕೋಲನ್ನು ಟೇಬಲ್ ಮೇಲೆ ಅಡ್ಡವಿಟ್ಟು "ಫೌಲ್" ಅನ್ನಬೇಕು. ಆಗ ಸರದಿ ಎದುರಾಳಿಯದು. ಬಿಳಿ ಚೆಂಡು ಅವರ ಕೈಗೆ, ಎಲ್ಲಿ ಬೇಕಾದರೂ ಇಟ್ಟು ಹೊಡೆಯಬಹುದು. ಕೊನೆಯ ಚೆಂಡಿನ ಹೊತ್ತಿಗೆ ಹಾಗಾದರೆ ಆಟ ಮುಗಿದಂತೆಯೇ.

ವರ್ಷಗಳ ಹಿಂದೆ, ಊರ ಪಂದ್ಯದ ಕೊನೆಯ ಆಟದಲ್ಲಿ ಆದದ್ದು ಅದೇ.

ಅದರ ಹಿಂದಿನ ವಾರವಷ್ಟೇ ನೋರ್ವಿನ್ ತ್ರಿನೋನ ಬಳಿ ಹೆಣ್ಣು ಕೇಳಿ, ಯಹೋಸ್ಕಾಳಿಗೆ ಉಂಗುರ ತೊಡಿಸಿದ್ದ. ಊರಿಗೆಲ್ಲ ಗೊತ್ತಿತ್ತು. ಆಡುತ್ತಿದ್ದವರು ಅವರಿಬ್ಬರೇ, ಉಳಿದಿದ್ದು ಹಾಕಿದವರೇ ಗೆಲ್ಲುವ ಒಂಬತ್ತನೇ ಚೆಂಡು ಒಂದೇ, ಸರದಿ ಅವನದು. ಬಾಗಿ ಗುರಿ ಹಿಡಿದವನು ತಟ್ಟನೆ ನೆಟ್ಟಗಾದ. ಕೋಲನ್ನು ಅಡ್ಡವಿಟ್ಟ.

"ಫೌಲ್. ಅಂಗಿ ತೋಳು ತಾಗಿತು."

ಕಂಡವರು ಯಾರೂ ಇಲ್ಲ! ಹಾಲ್ ತುಂಬ ಶಿಳ್ಳೆಯೋ ಶಿಳ್ಳೆ. ಬಾಗಿಲಲ್ಲಿ ಬಾಳೆಕಾಯಿ ಕರಿದು ಮಾರುವ ದೋನ್ಯಾ ಚೆಪಾ ಜಾಲರಿ ಸೌಟನ್ನೇ ಎತ್ತಿ ಕೂಗಿದ್ದಳು, "ಅಯ್ಯೋ ನನ್ನ ರಾಜ! ಮದುವೆಗೆ ಮುಂಚೆನೇ ಬಳುವಳಿ ಕೊಟ್ಯಾ?"

ಯಹೋಸ್ಕಾ ಚೆಂಡು ಹಾಕಿದಳು. ಕಪ್ ಸಿಕ್ಕಿತು. ಜೊತೆಗೆ ಹೆಸರೂ ಸಿಕ್ಕಿತು... ಬಳುವಳಿ ರಾಣಿ.

"ನನ್ನ ಮೇಲೆ ಕರುಣೆ ತೋರಿಸ್ತೀಯಾ?" ಎಂದು ಅಂದೇ ಅವನ ಉಂಗುರ ಕಿತ್ತು ಎಸೆದಿದ್ದಳು. "ನನ್ನ ಆಟಾನ ಕೊಂದೆ ನೀನು!"

"ತಾಗಿತು ಯಹೋಸ್ಕಾ. ನಿಜವಾಗ್ಲೂ ತಾಗಿತು..."

"ಸುಳ್ಳ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಗಡಿ ದಾಟುವ ಬಸ್ಸು ಹತ್ತಿದ. ಕೋಸ್ಟಾರಿಕಾದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ. ಅವಳು ಅಪ್ಪನ ಹಾಲ್ ನೋಡಿಕೊಂಡಳು, ವರ್ಷ ವರ್ಷವೂ ಪಂದ್ಯ ಗೆದ್ದಳು. ಏನು ಬಂತು? ಊರ ಬಾಯಿ ಮುಚ್ಚಲಿಲ್ಲ. "ನೋರ್ವಿನ್ ಇಲ್ವಲ್ಲ, ಗೆಲ್ತಾಳೆ ಬಿಡಿ" ಎಂದಿತು.

ಹಾಸಿಗೆ ಹಿಡಿದ ತ್ರಿನೋ ಒಮ್ಮೆ ಅವಳ ಕೈ ಹಿಡಿದು, "ಆ ಹುಡುಗ ಸುಳ್ಳು ಹೇಳಲಿಲ್ಲ ಮಗಳೇ. ಆಟಗಾರ ಹೇಳಿದ ಮೇಲೆ ಮುಗೀತು," ಎಂದಿದ್ದ. ಅವಳು ಕೈ ಬಿಡಿಸಿಕೊಂಡು ಎದ್ದುಹೋಗಿದ್ದಳು. ಅಪ್ಪನ ಕೈ ಹಿಡಿದಿದ್ದು ಅದೇ ಕೊನೆ.

ಈಗ ಇವನು ಬಂದಿದ್ದಾನೆ. ಬರಲಿ! ಊರೆದುರು ಇವನನ್ನೇ ಸೋಲಿಸುತ್ತೇನೆ. ಆಗಲಾದರೂ ಆ ಹೆಸರು ಅಳಿಯುತ್ತದೆ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಮನೆಮನೆಯಲ್ಲೂ ನಾಕತಮಾಲ್ ಎಂಬ ಜೋಳದ ಕಡುಬು ತಿಂದು ಹೊಟ್ಟೆ ಭಾರವಾದವರೂ ಬಂದು ಗೋಡೆಗೆ ಒರಗಿದ್ದರು. ಎಲ್ಲರೂ ಬಯಸಿದಂತೆ ಕೊನೆಗೆ ಉಳಿದವರು ಅವರಿಬ್ಬರೇ. ಎಲ್ಲರೂ ಬಯಸಿದಂತೆ ಆಟಗಳು ಸಮವಾಗಿ, ಕೊನೆಯದೊಂದು ಉಳಿಯಿತು.

ನೋರ್ವಿನ್ ಬದಲಾಗಿದ್ದ. ಕಿವಿಯ ಬಳಿ ನರೆ, ಅಂಗೈಯಲ್ಲಿ ಗಂಟುಗಳು. ಆದರೆ ಬಾಗುವ ರೀತಿ ಅದೇ. ಎದುರಾಳಿ ಹೊಡೆಯುವಾಗ ನೆಲ ನೋಡುತ್ತಾ ಕೂರುವ ರೀತಿಯೂ ಅದೇ... ಅವಳ ಕಣ್ಣು ಅವನಲ್ಲೇ ನಿಂತಿತು. ತಕ್ಷಣ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒಂಬತ್ತನೇ ಚೆಂಡು ಉಳಿಯಿತು. ಸರದಿ ಅವಳದು. ಸುಲಭದ ಹೊಡೆತ!

"ಹಾಕೇ ಹುಡುಗಿ, ಹಾಕು!" ಚೆಪಾ ಕೂಗಿದಳು.

ಯಹೋಸ್ಕಾ ಟೇಬಲ್ ಮೇಲೆ ಉದ್ದಕ್ಕೆ ಬಾಗಿದಳು. ಅಂಗಿಯೊಳಗೆ ಸಿಕ್ಕಿಸಿದ್ದ ಜಡೆ ಜಾರಿತು.

ಬಿಳಿ ಚೆಂಡು ಕೂದಲೆಳೆಯಷ್ಟು ಅಲುಗಿ ನಿಂತಿತು.

ಅವಳು ಸುತ್ತ ಕಣ್ಣಾಡಿಸಿದಳು. ಯಾರಾದರೂ ಕಂಡರಾ...? ಇಲ್ಲ. ಎಲ್ಲರ ಕಣ್ಣೂ ಒಂಬತ್ತರ ಮೇಲೆ. ನೋರ್ವಿನ್ ನೆಲ ನೋಡುತ್ತಿದ್ದ.

ಹೊಡಿ, ಎಂದಿತು ಮನಸ್ಸು. ಹೊಡೆದರೆ ಹೆಸರು ಅಳಿಯುತ್ತೆ. ಹೇಳಿದರೆ? ಹೇಳಿದರೆ ಇವರು ನಗುತ್ತಾರೆ. ಹಳೇ ಪ್ರೇಮಿಗೆ ಆಟ ಬಿಟ್ಟುಕೊಟ್ಟಳು ಅನ್ನುತ್ತಾರೆ. ಒಬ್ಬರೂ ನಂಬುವುದಿಲ್ಲ... ಒಬ್ಬರೂ...

ಅಲ್ಲಿಗೆ ಅವಳ ಯೋಚನೆ ನಿಂತಿತು.

ಅವತ್ತು ಅವನಿಗೂ ಹೀಗೇ ಆಗಿತ್ತಾ?

ಇಷ್ಟು ವರ್ಷ ಎದೆಯಲ್ಲಿ ಸಾಕಿಕೊಂಡಿದ್ದ ಸಿಟ್ಟಿಗೆ ಬುಡವೇ ಇರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಅವನಿಗೆ ಗೊತ್ತಿತ್ತು. ಆಟಗಾರ್ತಿ ಎಂದು ಮೆರೆದ ತನಗೆ ಮಾತ್ರ ಗೊತ್ತಾಗಲಿಲ್ಲ!

ಅವಳು ನೆಟ್ಟಗಾಗಿ ಕೋಲನ್ನು ಟೇಬಲ್ ಮೇಲೆ ಅಡ್ಡವಿಟ್ಟಳು.

"ಫೌಲ್. ಜಡೆ ತಾಗಿತು."

ಹಾಲ್ ಸ್ಫೋಟಿಸಿತು. ನಗು, ಶಿಳ್ಳೆ, ಗಾಳಿಯಲ್ಲಿ ಮುತ್ತಿಕ್ಕುವ ಸದ್ದು!

"ಬಳುವಳಿ ವಾಪಸ್ ಕೊಟ್ಟಳಪ್ಪೋ!"

"ತಾಗಿತು," ಎಂದಳು ಯಹೋಸ್ಕಾ. ಯಾರಿಗೂ ಕೇಳಲಿಲ್ಲ. "ನಿಜವಾಗ್ಲೂ ತಾಗಿತು!"

"ಹೂಂ ಹೂಂ, ತಾಗಿತು, ಎದೆಗೆ ತಾಗಿತು," ಚೆಪಾ ಕಣ್ಣು ಮಿಟುಕಿಸಿದಳು. "ಈಗ ನೋಡಿ, ಇವನು ಬೇಕಂತಲೇ ತಪ್ಪಿಸ್ತಾನೆ."

ನೋರ್ವಿನ್ ಎದ್ದ. ಬಿಳಿ ಚೆಂಡನ್ನು ಕೈಗೆತ್ತಿಕೊಂಡ. ಅವಳತ್ತ ನೋಡಲಿಲ್ಲ.

ತಪ್ಪಿಸಬೇಡ, ಎಂದು ಅವಳು ಮನಸ್ಸಲ್ಲೇ ಬೇಡಿಕೊಂಡಳು. ತಪ್ಪಿಸಿದರೆ ನೀನೂ ನನ್ನನ್ನು ನಂಬಲಿಲ್ಲ ಅಂತ. ದಯವಿಟ್ಟು... ನನ್ನನ್ನು ಸೋಲಿಸು!

ಅವನು ಚೆಂಡಿಟ್ಟ, ಬಾಗಿದ, ಹೊಡೆದ. ಒಂಬತ್ತು ಸದ್ದು ಮಾಡುತ್ತಾ ಪಾಕೆಟ್ಟಿಗೆ ಬಿತ್ತು. ಅದರಲ್ಲಿ ದಯೆಯೂ ಇರಲಿಲ್ಲ, ದಾಕ್ಷಿಣ್ಯವೂ ಇರಲಿಲ್ಲ. ಜನರ ನಗು ಅರ್ಧಕ್ಕೇ ನಿಂತಿತು. ಯಹೋಸ್ಕಾ ಗೋಡೆಗೆ ಮುಖಮಾಡಿ ಅತ್ತುಬಿಟ್ಟಳು.

ಜನ ಕರಗಿ, ಚೆಪಾ ಬಾಣಲೆ ಎತ್ತಿಕೊಂಡು ಹೋದ ಮೇಲೆ ಅವರಿಬ್ಬರೇ ಉಳಿದರು. ನೋರ್ವಿನ್ ಕೋಲನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದ.

"ನಂಬಿದೆಯಾ?" ಅವಳು ಕೇಳಿದಳು.

"ಆಟಗಾರ್ತಿ ಹೇಳಿದ ಮೇಲೆ ಮುಗೀತು."

ಅಪ್ಪನ ಮಾತು! ಅವಳು ಟೇಬಲ್ ಅಂಚು ಹಿಡಿದಳು.

"ನಾನು ಅವತ್ತು ನಂಬಲಿಲ್ಲ ನೋರ್ವಿನ್..."

"ಹೌದು. ನಂಬಲಿಲ್ಲ." ಅವನು ಸಮಾಧಾನ ಹೇಳಲಿಲ್ಲ. "ಊರು ನಕ್ಕಿದ್ದಕ್ಕೆ ನಾನು ಹೋಗಲಿಲ್ಲ ಯಹೋಸ್ಕಾ. ನೀನು ಸುಳ್ಳ ಅಂದೆ ನೋಡು, ಅದಕ್ಕೆ ಹೋದೆ. ಅಲ್ಲಿ ಇಟ್ಟಿಗೆ ಹೊರುವಾಗ ದಿನಾ ಅದೇ ಕೇಳಿಸ್ತಿತ್ತು."

"ಆ ವರ್ಷಗಳನ್ನ ಎಲ್ಲಿಂದ ತಂದುಕೊಡಲಿ?"

"ತರೋಕಾಗಲ್ಲ."

ಅವಳು ಕಣ್ಣೊರೆಸಿಕೊಂಡಳು. ಗೋಡೆಯ ಮೇಲಿದ್ದ ಅಪ್ಪನ ಕೋಲನ್ನು ಇಳಿಸಿ, ಟೇಬಲ್ ಮೇಲೆ ಅಡ್ಡವಿಟ್ಟಳು.

"ಫೌಲ್," ಎಂದಳು. "ನಂದೇ ತಪ್ಪು. ಯಾರೂ ನೋಡ್ತಾ ಇಲ್ಲ, ಆದ್ರೂ ಹೇಳ್ತಿದ್ದೀನಿ. ಅವತ್ತೂ ನಿನ್ನ ಮೇಲೆ ಪ್ರೀತಿ ಇತ್ತು. ಇವತ್ತೂ ಇದೆ."

ನೋರ್ವಿನ್ ಚೀಲದ ಜಿಪ್ ಎಳೆಯುವುದನ್ನು ನಿಲ್ಲಿಸಿದ. ಆ ಕೋಲಿನತ್ತ ತಿರುಗಿದ.

"ನಾಳೆ ಬಸ್ಸಿಗೆ ಹೊರಟಿದ್ದೆ," ಎಂದ.

"ಗೊತ್ತು."

"ಫೌಲ್ ಆದ್ಮೇಲೆ ಸರದಿ ಯಾರದು?"

"ನಿಂದು..."

"ಬಿಳಿ ಚೆಂಡು?"

"ನಿನ್ನ ಕೈಗೆ. ಎಲ್ಲಿ ಬೇಕಾದ್ರೂ ಇಡು."

ಅವನು ಪಾಕೆಟ್ಟಿನ ಬಳಿಯಿದ್ದ ಬಿಳಿ ಚೆಂಡನ್ನು ಎತ್ತಿಕೊಂಡು ಬಂದ. ನೀಲಿ ಪುಡಿ ಮೆತ್ತಿದ ಅವಳ ಅಂಗೈ ಬಿಡಿಸಿ ಅದರಲ್ಲಿಟ್ಟ. ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ಕ್ಷಮಿಸಿಬಿಟ್ಟೆಯಾ?" ಅವಳು ಕೇಳಿದಳು.

"ಇಲ್ಲ. ಇನ್ನೂ ಇಲ್ಲ. ಅದಕ್ಕೆ ಸಮಯ ಬೇಕು, ಅದಕ್ಕೇ ನಾನು ಇಲ್ಲೇ ಉಳೀಬೇಕು." ಅವನು ಹೆಗಲ ಮೇಲಿಂದ ಜಾರಿದ್ದ ಅವಳ ಜಡೆಯನ್ನು ಎತ್ತಿ ಹಿಂದಕ್ಕೆ ಸರಿಸಿದ. "ಮೊದಲು ಇದನ್ನ ಸರಿಯಾಗಿ ಸಿಕ್ಕಿಸಿಕೊಳ್ಳೋದು ಕಲಿ."

"ಕಲಿಸ್ತೀಯಾ?"

"ಕಲಿಸ್ತೀನಿ. ನಾಳೆ ಬಾಗಿಲು ತೆಗೀತೀಯಲ್ಲ?"