ಕ್ಯಾಪ್ಸೂಲಿನ ಪುಡಿ ಕದ್ದವರು

"ಇದರಲ್ಲಿ ಔಷಧಿ ಇಲ್ಲ. ಬರೀ ಹಿಟ್ಟು ತುಂಬಿ ಮಾರ್ತಿದ್ದೀಯ."

ಸೀಸೆಯಣ್ಣ ಏದುಸಿರು ಬಿಡುತ್ತ, ಇನ್‌ಹೇಲರಿಗೆ ಹಾಕಿ ಎಳೆಯುವ ಕ್ಯಾಪ್ಸೂಲ್‌ಗಳ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಔಷಧಿ ಅಂಗಡಿಯವನ ಮುಖ ಕಪ್ಪಿಟ್ಟಿತು. ಎದುರಿಗೆ ಗಿರಾಕಿಗಳು ಬೇರೆ! ಇನ್ಯಾರಾದರೂ ಅಂದಿದ್ದರೆ ಬಾಯಿಗೆ ಬಾಯಿ ಕೊಡುತ್ತಿದ್ದ. ಆದರೆ ಇವನು ಹರೆಯದ ಗೆಳೆಯ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕೊಳವೆ ಊದಿ ಸೀಸೆ ಮಾಡಿದವನು. ಅಂಗಡಿ ತೆರೆದ ದಿನ ಅವನು ತಂದುಕೊಟ್ಟ ನೀಲಿ ಸೀಸೆ ಈಗಲೂ ಮೇಲಿನ ಹಲಗೆಯಲ್ಲಿತ್ತು.

ಎಂಥ ಕಾಲ ಅದು! ಸಂಜೆ ಕಾರ್ಖಾನೆಯ ಗೇಟಿನ ಬಳಿ ಪಂದ್ಯ — ಸೀಸೆಯಣ್ಣ ಎಷ್ಟು ಹೊತ್ತು ಉಸಿರು ಹಿಡಿಯುತ್ತಾನೆ? ಎಣಿಸುವ ಕೆಲಸ ಅಂಗಡಿಯವನದು. ಎಪ್ಪತ್ತು ದಾಟಿದ್ದೂ ಉಂಟು. ಈಗ ಅದೇ ಎದೆಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಕೂತುಬಿಡುತ್ತಾನೆ.

ಒಳಗೆ ಪೇಪರ್ ಓದುತ್ತಿದ್ದ ಅಂಗಡಿಯವನ ಅಕ್ಕ ಹೊರಗೆ ಬಂದಳು. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ಡಬ್ಬಿ ತಿರುಗಿಸಿ ನೋಡಿದಳು. ಗಿರಾಕಿಗಳಲ್ಲಿದ್ದ ದರ್ಜಿ, ತಾನು ತಗೊಳ್ಳುವುದೂ ಈ ಅಂಗಡಿಯ ಇದೇ ಕ್ಯಾಪ್ಸೂಲ್, ತನಗೆ ಚೆನ್ನಾಗಿ ಗುಣ ಕೊಡುತ್ತಿದೆ ಎಂದ. ಅಂಗಡಿಯವನಿಗೆ ಹೋದ ಜೀವ ಬಂದಂತಾಯಿತು.

ಹಾಗಾದರೆ ಮನೆಯಲ್ಲೇ ಏನೋ ಆಗುತ್ತಿದೆಯೇ? ಸೀಸೆಯಣ್ಣನ ಜೊತೆಗೆ ಬಂದಿದ್ದ ಅವನ ಮಗಳನ್ನು ಅಕ್ಕ ವಿಚಾರಿಸಿದಳು. ಡಬ್ಬಿ ಇಡುವುದು ಬಟ್ಟೆಯ ಬೀರುವಿನಲ್ಲಿ, ತೇವ ತಾಗುವುದಿಲ್ಲ, ಎಳೆಯುವ ಹೊತ್ತಿಗಷ್ಟೇ ಪಟ್ಟಿಯಿಂದ ಬಿಡಿಸುವುದು — ಮಗಳು ಒಂದೊಂದಾಗಿ ಹೇಳಿದಳು. ಅಪ್ಪ ಅವಳನ್ನೂ ಅನುಮಾನಿಸಿದ್ದ.

"ದಿನಕ್ಕೆ ಎಷ್ಟು ತಗೋತೀಯ?" ಅಕ್ಕ ಸೀಸೆಯಣ್ಣನತ್ತ ತಿರುಗಿದಳು.

"ಉಸಿರು ಹಗುರ ಆಗ್ಲಿಲ್ಲ ಅಂದ್ರೆ ಇನ್ನೊಂದು. ಆಮೇಲೆ ಮತ್ತೊಂದು."

"ಡಾಕ್ಟರಿಗೆ ಗೊತ್ತಾ?"

ಅವನು ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. ಅವನ ಬೆರಳು ನಡುಗುವುದನ್ನು ಅಂಗಡಿಯವನು ಆಗ ಗಮನಿಸಿದ. ಔಷಧಿ ಮಿತಿ ಮೀರಿದ್ದರ ಗುರುತು ಅದು; ಹೀಗೇ ಹೋದರೆ ಹೃದಯಕ್ಕೇ ಕುತ್ತು. ಅವಮಾನವೆಲ್ಲ ಮರೆತು ಅವನಿಗೆ ದಿಗಿಲಾಯಿತು.

"ಸ್ವೆಟರ್ ಮೇಲೆ ಅದೇನು ಬಿಳೀದು?" ಅಕ್ಕ ಕೇಳಿದಳು.

ಮುಖದ ಪೌಡರ್ ಎಂದಳು ಮಗಳು. ಅಂಗಡಿಯವನೂ ಅದನ್ನು ನೋಡಿ, ಮುದುಕನಿಗೆ ಶೋಕಿ ಬಂತು ಎಂದು ಒಂದು ತಿಂಗಳಿಂದ ಗೇಲಿ ಮಾಡುತ್ತಿದ್ದ.

"ನಾನ್ಯಾವಾಗ ಪೌಡರ್ ಹಚ್ಚಿದೆ?" ಎಂದ ಸೀಸೆಯಣ್ಣ.

ಅಕ್ಕ ಅವನ ಜೇಬಿನಲ್ಲಿದ್ದ ಇನ್‌ಹೇಲರ್ ಕೇಳಿ ತೆಗೆದುಕೊಂಡು ಬಿಚ್ಚಿದಳು. ಒಳಗೆ ಪುಡಿ ಒದ್ದೆಯಾಗಿ ಗಂಟುಕಟ್ಟಿತ್ತು. ಮುಚ್ಚಿ ಅವನ ಕೈಗಿಟ್ಟು, ಕ್ಯಾಪ್ಸೂಲ್ ಹಾಕದೆ ಹೇಗೆ ತಗೊಳ್ಳುತ್ತೀಯೋ ತೋರಿಸು ಎಂದಳು. ಅವನು ಅದನ್ನು ತುಟಿಗಿಟ್ಟ. ಕೆನ್ನೆಗಳು ಉಬ್ಬಿದವು — ಫೂ! ಆಮೇಲೆ ಒಳಗೆಳೆದ.

"ಕಳ್ಳ ಸಿಕ್ಕಿದ," ಎಂದಳು ಅಕ್ಕ. "ನಿನ್ನ ಉಸಿರೇ. ತುಟಿಗೆ ಕೊಳವೆ ತಾಗಿದ್ರೆ ಊದೋದೇ ನಿಂಗೆ ರೂಢಿ. ಅರ್ಧ ಪುಡಿ ಸ್ವೆಟರಿಗೆ ಹಾರುತ್ತೆ. ಉಳಿದದ್ದು ಬಾಯಿಯ ತೇವಕ್ಕೆ ಅಂಟಿಕೊಳ್ಳುತ್ತೆ. ಎದೆಗೆ ಹೋಗೋದು ಚೂರೇ ಚೂರು. ಇನ್ನೊಬ್ಬ ಕಳ್ಳ ಇಲ್ಲೇ ನಿಂತಿದ್ದಾನೆ." ತಮ್ಮನತ್ತ ನೋಡಿದಳು. "ಕೊಟ್ಟ ದಿನ ಮಾಡಿ ತೋರಿಸಿದ್ಯಾ?"

ಅಂಗಡಿಯವನು ತಲೆ ತಗ್ಗಿಸಿದ. ಅವತ್ತು ತಾನು ಅಂದದ್ದು ನೆನಪಾಯಿತು — ಇಷ್ಟು ವರ್ಷ ಕೊಳವೆ ಊದಿದವನಿಗೆ ನಾನೇನು ಹೇಳಿಕೊಡಲಿ? ಇಬ್ಬರೂ ಹೊಟ್ಟೆ ತುಂಬ ನಕ್ಕಿದ್ದರು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ನಾಳೆಯೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಬೇಕು, ಬರೆದದ್ದಕ್ಕಿಂತ ಒಂದೂ ಹೆಚ್ಚು ತಗೊಳ್ಳಬಾರದು ಎಂದು ಅಕ್ಕ ಅವನಿಂದ ಭಾಷೆ ತೆಗೆದುಕೊಂಡಳು. ಹಿಟ್ಟೆಂಬ ಸಿಟ್ಟಿನಲ್ಲಿ ಬೆಳಗಿನಿಂದ ಅವನು ಔಷಧಿ ಎಳೆದಿರಲಿಲ್ಲ, ಸಂಜೆಯದಕ್ಕೆ ಹೊತ್ತಾಗಿತ್ತು. ಅಂಗಡಿಯವನು ಹೊಸ ಇನ್‌ಹೇಲರ್ ತೆಗೆದು ಒಂದು ಕ್ಯಾಪ್ಸೂಲ್ ಹಾಕಿಕೊಟ್ಟ.

"ಮೊದಲು ಮುಖ ಆಚೆ ತಿರುಗಿಸಿ ಉಸಿರು ಬಿಡು. ಈಗ ಇದರ ಸುತ್ತ ತುಟಿ ಮುಚ್ಚಿ ಜೋರಾಗಿ ಒಳಗೆಳಿ. ಸರಿ, ಇದನ್ನ ತೆಗೆದು ಉಸಿರು ಹಿಡಿದುಕೋ."

ಎಷ್ಟೋ ವರ್ಷಗಳ ಮೇಲೆ ಅಂಗಡಿಯವನು ಮತ್ತೆ ಎಣಿಸಿದ. ಒಂದು, ಎರಡು, ಮೂರು...

"ಹತ್ತು. ಬಿಡು."

ಸೀಸೆಯಣ್ಣ ಮೆಲ್ಲಗೆ ಉಸಿರು ಬಿಟ್ಟ. ಸ್ವಲ್ಪ ಹೊತ್ತು ನೀಲಿ ಸೀಸೆಯನ್ನೇ ನೋಡುತ್ತ ಕೂತ. ಎದೆಯ ಸುಯ್ಯೆನ್ನುವ ಸದ್ದು ತಗ್ಗುತ್ತ ಬಂತು.

"ಎಪ್ಪತ್ತರವರೆಗೆ ಎಣಿಸೋದು ಮರೆತ್ಯಾ?" ಎಂದ.

"ಹತ್ತು ಸಾಕು ಕಣೋ," ಎಂದ ಅಂಗಡಿಯವನು, ಕಣ್ಣೊರೆಸಿಕೊಳ್ಳುತ್ತ. "ದಿನಾ ಬಾ, ಎಣಿಸ್ತೀನಿ."